ಹಿತ್ತಿಲ ಕೋಳಿಗೂಡು: ನಾಯಿ ಒಳಗೆ ಬಾರದಂತೆ ಕಟ್ಟುವ ಕ್ರಮ

ಕೋಳಿ ಹೋದ ದಿನ ಬೆಳಿಗ್ಗೆ ಮೊದಲು ಗೂಡು ಗುಡಿಸಬೇಡಿ, ಸುತ್ತ ನೋಡಿ. ಐದಾರು ಕೋಳಿ ಸತ್ತು ಬಿದ್ದಿವೆ, ಒಂದನ್ನೂ ಸರಿಯಾಗಿ ತಿಂದಿಲ್ಲ, ಬೆನ್ನು ಮತ್ತು ಬಾಲದ ಪುಕ್ಕ ಅಂಗಳ ತುಂಬ ಹರಡಿದೆ ಎಂದರೆ ಬಂದದ್ದು ಹೆಚ್ಚಾಗಿ ನಾಯಿ. ನಾಯಿಯನ್ನು ಕೆರಳಿಸುವುದು ಹಸಿವಲ್ಲ, ರೆಕ್ಕೆ ಬಡಿಯುವ ಸದ್ದು. ಓಡುವ ಕೋಳಿ ಇರುವ ತನಕ ಅದು ನಿಲ್ಲುವುದಿಲ್ಲ. ಹಗಲಲ್ಲೇ ಮರಿ, ಮೊಟ್ಟೆ ಮಾಯವಾದರೆ ಮುಂಗುಸಿ, ಉಡ, ಕಾಗೆ. ರಾತ್ರಿ ಕುತ್ತಿಗೆ ಕಚ್ಚಿದ ಕೋಳಿ ಸಿಕ್ಕಿ, ಮಾಡಿನ ಹಂಚು ಸರಿದಿದ್ದರೆ ಪುನುಗು ಬೆಕ್ಕು. ರಕ್ತವಿಲ್ಲ, ಪುಕ್ಕವಿಲ್ಲ, ಕೋಳಿಯೂ ಇಲ್ಲ ಎಂದಾದರೆ ಟಾರ್ಚ್ ಬಿಡದೆ ಮೂಲೆಗೆ ಕೈ ಹಾಕಬೇಡಿ. ಕೋಳಿ ನುಂಗಿದ ಹೆಬ್ಬಾವು ಬಂದ ಕಿಂಡಿಯಲ್ಲಿ ಹೊರಗೆ ಹೋಗಲಾರದೆ ಅಲ್ಲೇ ಸುತ್ತಿಕೊಂಡಿರಬಹುದು. ಅದನ್ನು ಹೊರಗೆ ತೆಗೆಯುವುದು ಅರಣ್ಯ ಇಲಾಖೆಯವರ ಕೆಲಸ.

ಒಮ್ಮೆ ರುಚಿ ಕಂಡದ್ದು ಮತ್ತೆ ಬರುತ್ತದೆ. ಹಾಗಾಗಿ ದುರಸ್ತಿ ಅದೇ ದಿನ ಕತ್ತಲಾಗುವ ಮೊದಲೇ ಮುಗಿಯಬೇಕು. ಸತ್ತ ಕೋಳಿಗಳನ್ನು ಮೂರು ಅಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ, ಮೇಲೆ ಎರಡು ಕೆಂಪುಕಲ್ಲು ಇಡಿ.

ಹೆಚ್ಚಿನವರು ತಪ್ಪುವುದು ಬಲೆಯಲ್ಲಿ. ಆರು ಮೂಲೆ ಕಣ್ಣಿನ ತೆಳು ಕೋಳಿಬಲೆ ಕೋಳಿ ಹೊರಗೆ ಹೋಗದಂತೆ ತಡೆಯಲು ಮಾತ್ರ. ನಾಯಿ ಹಲ್ಲು ಹಾಕಿ ಎಳೆದರೆ ಒಂದೊಂದೇ ಹೆಣಿಗೆ ಬಿಚ್ಚುತ್ತಾ ತಲೆ ತೂರುವಷ್ಟು ತೂತಾಗುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆ ಕಡಲ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ ಕೂಡ. ಗೂಡಿಗೆ 1 ಇಂಚು ಕಣ್ಣಿನ, 14 ಗೇಜಿನ ಜಿಐ ವೆಲ್ಡ್ ಮೆಶ್ (ಸತು ಲೇಪಿಸಿದ, ಬೆಸುಗೆ ಹಾಕಿದ ತಂತಿಬಲೆ) ತನ್ನಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟು ತಂತಿ ದಪ್ಪ. 14 ಗೇಜ್ ಎಂದರೆ ಸುಮಾರು 2 ಮಿ.ಮೀ. ಮರಿ ಇರುವ ಗೂಡಾದರೆ ಕೆಳಗಿನ ಎರಡು ಅಡಿಗೆ ಒಳಗಿನಿಂದ ಅರ್ಧ ಇಂಚಿನ ಮೆಶ್ ಇನ್ನೊಂದು ಪದರ ಹಾಕಿ. ಹೆಗ್ಗಣ, ಸಣ್ಣ ಹಾವು ನುಗ್ಗುವುದು ಅಲ್ಲಿಂದಲೇ. ಅಡಿಕೆ ಸಲಾಕೆಯ ಹಳೆಯ ಗೂಡನ್ನು ಕಿತ್ತು ಹಾಕಬೇಕಿಲ್ಲ, ಅದರ ಮೇಲೆಯೇ ಮೆಶ್ ಹೊದಿಸಬಹುದು.

ಮೆಶ್ ಚೌಕಟ್ಟಿನ ಹೊರಮೈಗೆ ಇರಲಿ. ಆಗ ಹೊರಗಿನಿಂದ ನೂಕಿದಷ್ಟೂ ಅದು ಮರಕ್ಕೆ ಒತ್ತುತ್ತದೆ. ಬರೀ ಯು ಮೊಳೆ ಹೊಡೆದರೆ ಮಳೆಗಾಲದಲ್ಲಿ ಒದ್ದೆಯಾದ ಮರದಿಂದ ಅದು ಕಿತ್ತು ಬರುತ್ತದೆ. ಮೆಶ್‌ನ ಅಂಚಿನ ಮೇಲೆ ಒಂದು ಪಟ್ಟಿ ಇಟ್ಟು, ಆರಾರು ಇಂಚಿಗೆ ವಾಷರ್ ಹಾಕಿದ ಸ್ಕ್ರೂ ಬಿಗಿಯಿರಿ.

ಇನ್ನು ನೆಲ. ನಾಯಿ ಗೋಡೆ ಹತ್ತುವುದಕ್ಕಿಂತ ಬುಡ ತೋಡುವುದೇ ಹೆಚ್ಚು, ಅದರಲ್ಲೂ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮಣ್ಣು ಮೆತ್ತಗಾದಾಗ. ಅದು ತೋಡಲು ಶುರುಮಾಡುವುದು ಗೋಡೆಗೆ ತಾಗಿಕೊಂಡೇ; ಎರಡಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಆದ್ದರಿಂದ ಆಳಕ್ಕೆ ಕಲ್ಲು ಹೂಳುವ ಶ್ರಮವೇ ಬೇಡ. ಮೂರು ಅಡಿ ಅಗಲದ ಮೆಶ್ ಅನ್ನು ಬಗ್ಗಿಸಿ, ಒಂದಡಿ ಗೋಡೆಗೆ, ಎರಡಡಿ ಹೊರಗೆ ನೆಲದ ಮೇಲೆ ಬರುವಂತೆ ಹಾಸಿ. 6×4 ಅಡಿ ಗೂಡಿಗೆ (ಹನ್ನೆರಡು ಕೋಳಿಗೆ ಸಾಕು) ಸುತ್ತಲೂ 20 ಅಡಿ, ನಾಲ್ಕು ಮೂಲೆಯ ತುಂಡುಗಳಿಗೆ 8 ಅಡಿ, ಒಟ್ಟು 28 ಅಡಿ ಉದ್ದ ಬೇಕು. ಮೂಲೆ ಬಿಟ್ಟರೆ ಎಲ್ಲ ವ್ಯರ್ಥ. ಅಂಚಿಗೆ ಕೆಂಪುಕಲ್ಲು ಇಟ್ಟು, ಮೇಲೆ ಎರಡು ಇಂಚು ಮಣ್ಣು ಹಾಕಿದರೆ ಒಂದು ಮಳೆಗೆ ಹುಲ್ಲು ಬಂದು ಮೆಶ್ ಕಾಣಿಸುವುದೂ ಇಲ್ಲ.

ಬಾಗಿಲಿಗೆ ಕೊಕ್ಕೆ ಮಾತ್ರ ಸಾಲದು. ನಾಯಿ ಮುಂಗಾಲಿನಲ್ಲಿ ಬಾಗಿಲು ಕುಲುಕಿದಾಗ ಕೊಕ್ಕೆ ಬಳೆಯಿಂದ ಮೇಲೆ ಹಾರುತ್ತದೆ. ಅಡ್ಡ ಸರಿಯುವ ಬೋಲ್ಟ್ ಎರಡು ಹಾಕಿ, ಒಂದು ಮೇಲೆ, ಒಂದು ನೆಲದಿಂದ ಆರು ಇಂಚಿಗೆ. ಮೇಲೆ ಮಾತ್ರ ಇದ್ದರೆ ಬಾಗಿಲಿನ ಕೆಳಮೂಲೆ ಬಾಗಿ ಸಂದು ತೆರೆಯುತ್ತದೆ. ಮಳೆಗೆ ಮರ ಉಬ್ಬುತ್ತದೆಂದು ಬಾಗಿಲಡಿ ಸ್ವಲ್ಪ ಜಾಗ ಬಿಡಲೇಬೇಕು. ಆ ಸಂದನ್ನು ತಗಡಿನ ಪಟ್ಟಿಯಿಂದ ಮುಚ್ಚಿ, ಹೊಸ್ತಿಲಿಗೆ ಒಂದು ಕಲ್ಲಿನ ಚಪ್ಪಡಿ ಹಾಕಿ.

ಹಂಚಿನ ಮಾಡಾದರೆ ಅದರಡಿಗೂ ಮೆಶ್ ಬೇಕು. ಪುನುಗು ಬೆಕ್ಕು ಹಲಸಿನ ಕೊಂಬೆಯಿಂದ ಮಾಡಿಗೆ ಇಳಿದು ಹಂಚು ಸರಿಸುತ್ತದೆ. ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಯಿರಿ. ಊರ ಕೋಳಿ ಮರದ ಮೇಲೆ ಮಲಗಿದರೆ ನಾಯಿಯ ಭಯವಿಲ್ಲ, ನಿಜ, ಆದರೆ ಪುನುಗು ಬೆಕ್ಕಿಗೆ ಅದು ಬಡಿಸಿಟ್ಟ ಊಟ.

ಹಗಲಲ್ಲಿ ಕೋಳಿ ತಿರುಗಾಡುವ ಜಾಗಕ್ಕೆ ಆರು ಅಡಿ ಎತ್ತರದ ಬೇಲಿ ಸಾಕು. ಗಿಡುಗ, ಕಾಗೆಗೆ ಮೇಲಿನಿಂದ ಹಳೆಯ ಮೀನಿನ ಬಲೆ ಹರಡಿ. ಬಂದರಿನ ಕಡೆ ಕೇಳಿದರೆ ಸಿಗುತ್ತದೆ. ನೆಲದ ಹತ್ತಿರ ಮಾತ್ರ ಅದನ್ನು ಕಟ್ಟಬೇಡಿ, ಕೇರೆ ಹಾವೋ ನಾಗರವೋ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ. ಮರಿ ಕೋಳಿಗಳು ಮೊದಲ ಆರೆಂಟು ವಾರ ತಾಯಿಯೊಂದಿಗೆ ಮುಚ್ಚಿದ ಪಂಜರದಲ್ಲೇ ಇರಲಿ.

ನಾಯಿಗಳು ಹಿತ್ತಿಲಿಗೆ ಬರುವುದನ್ನೇ ಕಡಿಮೆ ಮಾಡಬೇಕಾದರೆ ಬಂಗುಡೆ, ಬೂತಾಯಿ ಮೀನು ಶುಚಿ ಮಾಡಿದಾಗ ಉಳಿಯುವ ತಲೆ, ಕರುಳನ್ನು ತೆಂಗಿನ ಬುಡಕ್ಕೆ ಎಸೆಯುವುದು ನಿಲ್ಲಬೇಕು, ಆಳಕ್ಕೆ ಹೂಳಬೇಕು. ಬೀದಿ ನಾಯಿಗಳ ಸಂತಾನಹರಣಕ್ಕೆ, ಲಸಿಕೆಗೆ ಪಂಚಾಯತ್ ಅಥವಾ ನಗರಪಾಲಿಕೆಗೆ ಬರೆದು ಕೊಡಿ. ವಿಷ ಇಡಬೇಡಿ, ಉರುಳು ಹಾಕಬೇಡಿ. ಪಕ್ಕದ ಮನೆಯ ನಾಯಿ, ಬೆಕ್ಕೂ ಸಾಯುತ್ತವೆ. ಮುಂಗುಸಿ, ಉಡ, ಪುನುಗು ಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಬೇಲಿಗೆ ಮನೆಯ ಕರೆಂಟ್ ಕೊಡುವುದಂತೂ ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದು ಮನೆಯ ಮಕ್ಕಳನ್ನೇ ಕೊಲ್ಲುತ್ತದೆ.

ಪ್ರತಿ ಮೇ ತಿಂಗಳು, ಮಳೆಗೆ ಮೊದಲು, ಮೆಶ್‌ನ ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಕೆಂಪು ಪುಡಿ ಉದುರಿ ತಂತಿ ಬಾಗಿದರೆ ಆ ತುಂಡು ಬದಲಾಯಿಸಿ.

ಕಚ್ಚಿಸಿಕೊಂಡು ಬದುಕಿದ ಕೋಳಿ ಇದ್ದರೆ ಗಾಯದ ಸುತ್ತಲಿನ ಪುಕ್ಕ ಕತ್ತರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ ಕತ್ತಲೆಯ ಪೆಟ್ಟಿಗೆಯಲ್ಲಿಡಿ. ಗಾಯ ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟು ಒಂದೆರಡು ದಿನದಲ್ಲೇ ಹುಳವಾಗುತ್ತದೆ, ಬೆಳಿಗ್ಗೆ ಸಂಜೆ ನೋಡುತ್ತಿರಿ. ರಕ್ತ ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವೆ, ಗಾಯ ಮಾಯುವ ತನಕ ಅದು ಬೇರೆಯೇ ಇರಲಿ.