ದುರಸ್ತಿಯಾದ ಹಳೆಯ ಸೇನಾ ಪಿಸ್ತೂಲು ಅಸಲಿಯೇ? ನಾನು ನೋಡುವ ಬಗೆ

ನನ್ನ ಸಂಗ್ರಹಕ್ಕೆ ಬಂದ ಮೊದಲ ಲೂಗರ್ ಪಿ08 ಎಂಬ ಜರ್ಮನ್ ಸೇನಾ ಪಿಸ್ತೂಲಿನ ನೆತ್ತಿಯ ಮೇಲೆ, ಗುಂಡು ಕೂರುವ ಜಾಗದಲ್ಲಿ, 1917 ಎಂದು ಇಸವಿ ಇತ್ತು. ಮೈಯೆಲ್ಲ ಕಡುಗಪ್ಪು, ಮಿರಿಮಿರಿ ಹೊಳಪು. ಇಷ್ಟು ಹಳೆಯ ವಸ್ತು ಹೀಗೆ ಉಳಿದಿದೆಯಲ್ಲ ಎಂದು ಹಿಗ್ಗಿ ಕೊಂಡೆ. ಅದೇ ವರ್ಷ 1918ರ ಕೋಲ್ಟ್ ಎಂ1911 ಎಂಬ ಅಮೆರಿಕನ್ ಸೇನಾ ಪಿಸ್ತೂಲೊಂದು ಸಿಕ್ಕಿತ್ತು. ಮಂಕು ಬೂದು ಬಣ್ಣ ಕಂಡು, ಯಾರೋ ಕೆಡಿಸಿದ್ದಾರೆ ಎಂದು ಬಿಟ್ಟುಬಂದೆ. ಎರಡು ಕಡೆಯೂ ನಾನು ತಪ್ಪಿದ್ದೆ. ಆ ಕೋಲ್ಟ್ ಕೈತಪ್ಪಿದ ಸಂಕಟ ಇನ್ನೂ ಇದೆ.

ಆಗ ನನಗೆ ಗೊತ್ತಿದ್ದದ್ದು ‘ಅಸಲಿಯೇ, ಅಲ್ಲವೇ’ ಎಂಬ ಒಂದೇ ಪ್ರಶ್ನೆ. ಈಗ ಮೊದಲು ಕೇಳುವುದು, ಇದನ್ನು ದುರಸ್ತಿ ಮಾಡಿದವರು ಯಾರು, ಯಾವಾಗ ಎಂದು. ಸೇವೆಯಲ್ಲಿದ್ದಾಗ ಸೇನೆಯೇ ಮಾಡಿಸಿದ ಕೆಲಸ ಆ ಪಿಸ್ತೂಲಿನ ಬದುಕಿನ ಭಾಗ. ಸೇವೆ ಮುಗಿದ ಮೇಲೆ ಚಂದಕ್ಕೋ ಮಾರಾಟಕ್ಕೋ ಮಾಡಿದ್ದು ಹಾಗಲ್ಲ. ನುರಿತ ಸಂಗ್ರಾಹಕರು ಎಳೆಯುವ ಗೆರೆ ಇದು, ನಾನೂ ಅದನ್ನು ಒಪ್ಪುತ್ತೇನೆ.

ಕೈಗೆ ತೆಗೆದುಕೊಂಡ ಕೂಡಲೇ ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಒಳಗೆ ಗುಂಡಿಲ್ಲ ಎಂದು ಕಣ್ಣಾರೆ ನೋಡಿ. ಇಟ್ಟುಕೊಳ್ಳಲು ನಿಮ್ಮ ದೇಶದ ಕಾನೂನಿನಲ್ಲಿ ಅವಕಾಶವಿದೆಯೇ ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಬೆರಳಿನ ಬೆವರು ಉಕ್ಕನ್ನು ತಿನ್ನುತ್ತದೆ, ಹತ್ತಿಯ ಕೈಗವಸು ಇರಲಿ.

ಆಮೇಲೆ ಬೆಳಕು. ದೀಪವನ್ನು ಪಕ್ಕಕ್ಕೆ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ. ಸಾಣೆ ಹಿಡಿದ ಲೋಹ ಓರೆ ಬೆಳಕಿನಲ್ಲಿ ಅಡಗಲಾರದು. ಚೂಪಾಗಿರಬೇಕಾದ ಅಂಚುಗಳು ದುಂಡಗಾಗಿರುತ್ತವೆ. ತೂತುಗಳ ಬಾಯಿ ತಟ್ಟೆಯ ಹಾಗೆ ತಗ್ಗಾಗಿರುತ್ತದೆ. ಅಚ್ಚೊತ್ತಿದ ಅಕ್ಷರಗಳ ಒಂದು ಬದಿ ಆಳ, ಇನ್ನೊಂದು ಬದಿ ಮಾಸಲು. ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ ಸುತ್ತಲಿನ ಲೋಹ ಕೂದಲೆಳೆಯಷ್ಟು ಉಬ್ಬುತ್ತದೆ, ಉಜ್ಜಿದರೆ ಮೊದಲು ಹೋಗುವುದು ಆ ಉಬ್ಬೇ. ತುಕ್ಕು ತಿಂದ ಗುಳಿಗಳ ತಳದಲ್ಲೂ ಕಪ್ಪು ಬಣ್ಣ ಹೊಸದಾಗಿ ಕೂತಿದ್ದರೆ, ತುಕ್ಕು ಮೊದಲು ಬಂತು, ಬಣ್ಣ ಆಮೇಲೆ ಬಂತು.

ನನ್ನ ಲೂಗರ್‌ನಲ್ಲಿ ಇವೆಲ್ಲ ಇದ್ದವು, ನನಗೆ ನೋಡಲು ಬರಲಿಲ್ಲ. ಇನ್ನೂ ದೊಡ್ಡ ಸುಳಿವು ಕಣ್ಣೆದುರೇ ಇತ್ತು. ಆ ಕಾಲದ ಲೂಗರ್‌ನ ಟ್ರಿಗರ್, ಸೇಫ್ಟಿ ಸನ್ನೆಯಂಥ ಸಣ್ಣ ಭಾಗಗಳನ್ನು ಕಾಯಿಸಿ ಒಣಹುಲ್ಲಿನ ಹಳದಿ ಬರಿಸುತ್ತಿದ್ದರು. ನನ್ನದರಲ್ಲಿ ಅವೂ ಕಪ್ಪು! ಎಲ್ಲವನ್ನೂ ಒಟ್ಟಿಗೆ ಕಪ್ಪು ಬರಿಸುವ ದ್ರಾವಣದ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದರು.

ಮುಂದೆ ಅಂಕಿಗಳು. ಲೂಗರ್‌ನ ಮುಖ್ಯ ಭಾಗಗಳ ಮೇಲೆ ಪೂರ್ತಿ ಕ್ರಮಸಂಖ್ಯೆ, ಸಣ್ಣ ಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿ ಇರುತ್ತವೆ. ಎಲ್ಲವೂ ಹೊಂದಿದರೆ ಸಂತೋಷ, ಆದರೆ ಅಲ್ಲಿಗೇ ನಿಲ್ಲಬೇಡಿ. ಹಳೆಯ ಅಂಕಿಯನ್ನು ಅರದಿಂದ ಉಜ್ಜಿ ಹೊಸದು ಹೊಡೆದವರಿದ್ದಾರೆ. ಅಂಕಿಯ ಆಕಾರ, ಆಳ, ಕೂತ ಜಾಗ ಹೋಲಿಸಿ. ಇಸವಿ ಎರಡಿದ್ದರೆ ಗಾಬರಿ ಬೇಡ: ಮೊದಲ ಮಹಾಯುದ್ಧದ ನಂತರ ಜರ್ಮನ್ ಸೇನೆ ತನ್ನ ಬಳಿ ಉಳಿದ ಪಿಸ್ತೂಲುಗಳ ಮೇಲೆ 1920 ಎಂದು ಒತ್ತಿತು. ಅದು ಸೇನೆಯ ಸ್ವತ್ತಿನ ಗುರುತು. ಅಂಥವನ್ನು ಸಂಗ್ರಾಹಕರು ಬೇರೆಯಾಗಿಯೇ ಹುಡುಕಿ ಕೊಳ್ಳುತ್ತಾರೆ.

ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ವಶಪಡಿಸಿಕೊಂಡ ಲೂಗರ್ ಮತ್ತು ಇನ್ನೊಂದು ಜರ್ಮನ್ ಪಿಸ್ತೂಲಾದ ವಾಲ್ಥರ್ ಪಿ38ಗಳದು ಬೇರೆಯೇ ಕಥೆ. ಅವನ್ನು ಬಿಚ್ಚಿ, ಮತ್ತೆ ಕಪ್ಪು ಅದ್ದಿ, ಸಿಕ್ಕ ಭಾಗಗಳಿಂದ ಜೋಡಿಸಿದರು. ಅಂಕಿ ಹೊಂದದು, ಬಣ್ಣ ಕಾರ್ಖಾನೆಯದಲ್ಲ. ಅಂಕಿ ಹೊಂದಿದ ಪಿಸ್ತೂಲಿನ ಬೆಲೆ ಇವಕ್ಕೆ ಬರುವುದಿಲ್ಲ. ಆದರೂ ಇವು ಸುಳ್ಳು ಹೇಳುವ ವಸ್ತುಗಳಲ್ಲ, ಎರಡು ಸೇನೆಗಳ ಕೈ ಕಂಡವು.

ಇನ್ನು ನಾನು ಬಿಟ್ಟ ಕೋಲ್ಟ್. 1918ರಲ್ಲಿ ಕೋಲ್ಟ್ ಕಾರ್ಖಾನೆಯಿಂದ ಹೊರಬಿದ್ದಾಗ ಅದರ ಮೈ ಬೂದು ಬಣ್ಣದ್ದಾಗಿರಲಿಲ್ಲ, ಕಪ್ಪಾಗಿತ್ತು. ಬೂದು ಮೈ ಎಂದರೆ ಪಾರ್ಕರೈಸಿಂಗ್, ತುಕ್ಕು ತಡೆಯುವ ಫಾಸ್ಫೇಟ್ ಲೇಪ. ಅಮೆರಿಕದ ಸೇನೆ ಎರಡನೆಯ ಮಹಾಯುದ್ಧದ ಹೊತ್ತಿಗೆ ಹಳೆಯ ಪಿಸ್ತೂಲುಗಳನ್ನು ಶಸ್ತ್ರಾಗಾರಕ್ಕೆ ತರಿಸಿ, ಸವೆದ ಭಾಗ ಬದಲಿಸಿ, ಈ ಲೇಪ ಕೊಟ್ಟು ಮತ್ತೆ ಸೈನಿಕರಿಗೆ ಹಂಚುತ್ತಿತ್ತು. ಆಗಸ್ಟಾ ಶಸ್ತ್ರಾಗಾರ ಎಎ ಎಂದೂ, ರಾಕ್ ಐಲೆಂಡ್ ಆರ್‌ಐಎ ಎಂದೂ ಗುರುತು ಒತ್ತುತ್ತಿದ್ದವು. ನಾನು ಬಿಟ್ಟ ಕೋಲ್ಟಿನ ಮೇಲೆ ಎಎ ಇತ್ತು. ಅದು ಎರಡು ಯುದ್ಧಗಳ ಸೇವೆಗೆ ಸಿದ್ಧವಾದ ಪಿಸ್ತೂಲು. ಇಂಥವುಗಳಲ್ಲಿ ಕೋಲ್ಟಿನ ಚೌಕಟ್ಟಿನ ಮೇಲೆ ಟೈಪ್‌ರೈಟರ್ ಕಂಪನಿಯಾದ ರೆಮಿಂಗ್ಟನ್ ರ‍್ಯಾಂಡ್‌ನ ಸ್ಲೈಡ್, ಅಂದರೆ ಹಿಂದೆ ಮುಂದೆ ಸರಿಯುವ ಮೇಲಿನ ಭಾಗ, ಕೂತಿರುವುದೂ ಉಂಟು. ಭಾಗಗಳು ಅದಲುಬದಲಾಗುವಂತೆಯೇ ಮಾಡಿದ್ದರಿಂದ ಯಾವುದರದು ಯಾವುದಕ್ಕೆ ಎಂದು ಶಸ್ತ್ರಾಗಾರ ಲೆಕ್ಕ ಇಡಲಿಲ್ಲ. ಮುದ್ರೆಯೊಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಹೊಡೆಯಬಹುದು. ಲೇಪ, ಭಾಗಗಳು, ಸವೆತ, ಮೂರೂ ಒಂದೇ ಮಾತು ಹೇಳಬೇಕು.

ಸವೆತ ಅಂದರೆ, ಪಿಸ್ತೂಲು ಇಡುವ ಚೀಲಕ್ಕೆ ಉಜ್ಜುವ ನಳಿಗೆಯ ತುದಿ ಮತ್ತು ಅಂಗೈ ತಾಗುವ ಹಿಡಿ ಮೊದಲು ಸವೆಯುತ್ತವೆ. ಮರದ ಹಿಡಿ ಸವೆದು ನುಣುಪಾಗಿ, ಪಕ್ಕದ ಲೋಹ ಹೊಚ್ಚಹೊಸದಾಗಿ ಕಂಡರೆ ಅನುಮಾನ ಪಡಿ.

ಹಾಗಾದರೆ ನುರಿತ ಕೈ ಇಂದು ಹಳೆಯ ವಿಧಾನದಲ್ಲೇ ಮಾಡಿದ ಪುನರುದ್ಧಾರ? ಕೆಲಸ ಎಷ್ಟೇ ಸೊಗಸಾಗಿರಲಿ, ನಾನು ಅದನ್ನು ಅಸಲಿ ಎನ್ನುವುದಿಲ್ಲ, ‘ಪುನರುದ್ಧರಿಸಿದ್ದು’ ಎನ್ನುತ್ತೇನೆ. ಅದನ್ನು ಬಾಯಿಮಾತಿನಲ್ಲಿ ಬಿಡದೆ ಬರೆದಿಡಬೇಕು. ನಿಮ್ಮ ಕೈಯಲ್ಲಿರುವುದು ಮೂಲ ಬಣ್ಣ ಉಳಿಸಿಕೊಂಡಿದ್ದರೆ, ಅರ್ಧ ಮಾಸಿದ್ದರೂ ಪಾಲಿಶ್ ಮುಟ್ಟಿಸಬೇಡಿ. ಮೆದು ಬಟ್ಟೆಯಲ್ಲಿ ತೆಳು ಎಣ್ಣೆ ಸಾಕು. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದು ಉಕ್ಕನ್ನು ಕೆಡಿಸುತ್ತದೆ.

ನನ್ನ ಲೂಗರ್ ಮಾರಿಲ್ಲ. ಅದರ ಪೆಟ್ಟಿಗೆಯಲ್ಲಿ ಒಂದು ಚೀಟಿ ಇದೆ: ‘1917. ಅಂಕಿಗಳು ಹೊಂದುತ್ತವೆ. ಸೇವೆ ಮುಗಿದ ಮೇಲೆ ಸಾಣೆ ಹಿಡಿದು ಕಪ್ಪು ಅದ್ದಿದ್ದಾರೆ. ಟ್ರಿಗರ್ ಹಳದಿ ಇರಬೇಕಿತ್ತು.’