ವೇಸ್ಟ್‌ಗೇಟ್ ಬದಲಿಸಿದ್ದು, ಬೋಲ್ಟ್‌ಗಳ ಜೊತೆ ಗುದ್ದಾಡಿದ್ದು

ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಬಾನೆಟ್ ಒಳಗಿಂದ ತಗಡು ಅಲುಗಾಡಿದಂಥ ಸದ್ದು ಬರುತ್ತಿತ್ತು. ಏರು ಹತ್ತುವಾಗ ಮೊದಲಿನ ಎಳೆತ ಇರಲಿಲ್ಲ. ಸ್ಕ್ಯಾನರ್ ಹಾಕಿದಾಗ ಪಿ0299 ಕೋಡ್ ಬಂತು. ಅಂದರೆ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಕೊಡಬೇಕಾದಷ್ಟು ಬೂಸ್ಟ್, ಅಂದರೆ ಗಾಳಿಯ ಒತ್ತಡ, ಕೊಡುತ್ತಿಲ್ಲ. ಈ ಕೋಡ್ ನೋಡಿದ ತಕ್ಷಣ ಟರ್ಬೊನೇ ಹೋಯ್ತು ಅಂದುಕೊಂಡು ಹೊಸದು ಹಾಕಿಸುವವರಿದ್ದಾರೆ. ಹಾಗೆ ಮಾಡಬೇಡಿ. ಮೊದಲು ಗಾಳಿ ಹೋಗುವ ಹೋಸ್, ಕ್ಲಾಂಪ್ ಎಲ್ಲ ನೋಡಿ, ಆಮೇಲೆ ವೇಸ್ಟ್‌ಗೇಟ್‌ಗೆ ಬನ್ನಿ.

ವೇಸ್ಟ್‌ಗೇಟ್ ಅಂದರೆ ಟರ್ಬೊದ ಟರ್ಬೈನ್ (ಹೊಗೆಯಿಂದ ತಿರುಗುವ ಚಕ್ರ) ಇರುವ ಹೌಸಿಂಗ್, ಅಂದರೆ ಕವಚದ, ಒಳಗಿನ ಸಣ್ಣ ಬಾಗಿಲು. ಬೂಸ್ಟ್ ಸಾಕಾದಾಗ ಅದು ತೆರೆದು, ಉಳಿದ ಹೊಗೆಯನ್ನು ಟರ್ಬೈನ್ ಮುಟ್ಟದ ಹಾಗೆ ನೇರ ಸೈಲೆನ್ಸರ್ ಕಡೆ ಬಿಡುತ್ತದೆ. ಈ ಬಾಗಿಲನ್ನು ರಾಡ್ ಮೂಲಕ ಆಡಿಸುವುದು ಆಕ್ಚುಯೇಟರ್. ನನ್ನ ಗಾಡಿಯದು ಒತ್ತಡದಿಂದ ಕೆಲಸ ಮಾಡುವಂಥದ್ದು. ಒಳಗಿನ ಸ್ಪ್ರಿಂಗ್ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ, ಬೂಸ್ಟ್ ಒತ್ತಡ ಡಯಾಫ್ರಾಮನ್ನು (ಒಳಗಿನ ರಬ್ಬರ್ ಪರದೆ) ತಳ್ಳಿದಾಗ ರಾಡ್ ಹೊರಗೆ ಬಂದು ಬಾಗಿಲು ತೆರೆಯುತ್ತದೆ. ವ್ಯಾಕ್ಯೂಮ್‌ನಿಂದ ಬಾಗಿಲು ಮುಚ್ಚುವ ಗಾಡಿಗಳೂ ಇವೆ, ಅಲ್ಲಿ ಲೆಕ್ಕ ಉಲ್ಟಾ. ಪರೀಕ್ಷೆ ಮಾಡುವ ಮುಂಚೆ ನಿಮ್ಮದು ಯಾವುದು ಅಂತ ಗೊತ್ತಿರಬೇಕು.

ಗೇಜ್ ಇರುವ ಕೈಪಂಪನ್ನು ಆಕ್ಚುಯೇಟರ್ ಹೋಸ್‌ಗೆ ಸಿಕ್ಕಿಸಿ ನಿಧಾನ ಒತ್ತಿದೆ. ಗ್ಯಾರೇಜಿನ ಏರ್ ಕಂಪ್ರೆಸರ್ ಗಾಳಿಯನ್ನು ನೇರ ಬಿಡಬಾರದು, ಡಯಾಫ್ರಾಮ್ ಹರಿಯುತ್ತದೆ. ಗೇಜಿನ ಮುಳ್ಳು ಇಳಿಯದೆ ನಿಂತಿತು, ಹಾಗಾಗಿ ಡಯಾಫ್ರಾಮ್ ಸರಿ ಇತ್ತು. ಅದು ಹರಿದಿದ್ದರೆ ಬಾಗಿಲು ತೆರೆಯದೆ ಬೂಸ್ಟ್ ಮಿತಿ ಮೀರುತ್ತಿತ್ತು, ಬರುವ ಕೋಡ್ ಪಿ0234. ಆದರೆ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಒತ್ತಡಕ್ಕಿಂತ ಎಷ್ಟೋ ಮೊದಲೇ ರಾಡ್ ಕದಲಿತು. ಸ್ಪ್ರಿಂಗ್ ಸೋತು ಬಾಗಿಲು ಬೇಗ ತೆರೆದುಕೊಳ್ಳುತ್ತಿತ್ತು, ಬೂಸ್ಟ್ ಸಾಲದಿದ್ದುದು ಅದಕ್ಕೇ. ರಾಡ್ ತುದಿಯ ಗುಂಡನೆಯ ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು, ಒಳಗಿನ ಪಿನ್ ಲೊಡಲೊಡ ಅನ್ನುತ್ತಿತ್ತು. ಸದ್ದಿನ ಮೂಲ ಅಲ್ಲೇ. ಆಕ್ಚುಯೇಟರ್, ಪಿನ್, ಇ-ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ಕ್ಲಿಪ್) ತರಿಸಿದೆ. ಬಾಗಿಲು ಕೂರುವ ಜಾಗ ಕಣ್ಣಾರೆ ನೋಡಬೇಕಿತ್ತಲ್ಲ, ಅದಕ್ಕೆ ಟರ್ಬೊ ಹಿಂದಿನ ಪೈಪ್ ಬಿಚ್ಚಲೇಬೇಕು. ಹಾಗಾಗಿ ಹೊಸ ಸ್ಟಡ್ (ತಲೆಯಿಲ್ಲದ ಬೋಲ್ಟ್), ತಾಮ್ರ ಲೇಪದ ನಟ್, ಗ್ಯಾಸ್ಕೆಟ್ ಕೂಡ ತರಿಸಿದೆ.

ಈ ಕೆಲಸದಲ್ಲಿ ಬಹುಪಾಲು ಹೊತ್ತು ಹೋಗುವುದು ಬೋಲ್ಟ್ ಬಿಚ್ಚುವುದಕ್ಕೆ. ಟರ್ಬೊ ಬಿಸಿ ಬದಿಯ ಬೋಲ್ಟ್‌ಗಳು ದಿನಾ ಕಾದು ತಣಿದು, ತುಕ್ಕು ಹಿಡಿದು ಹೌಸಿಂಗ್ ಜೊತೆ ಒಂದಾಗಿಬಿಟ್ಟಿರುತ್ತವೆ. ಹಿಂದಿನ ಸಂಜೆಯೇ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿದೆ. ಮಲಗುವ ಮುಂಚೆ ಮತ್ತೆ, ಬೆಳಿಗ್ಗೆ ಮತ್ತೆ. ನಡುವೆ ಪಂಚ್ ಇಟ್ಟು ಬೋಲ್ಟ್ ತಲೆಗೆ ಸುತ್ತಿಗೆಯಿಂದ ಗಟ್ಟಿಯಾಗಿ ತಟ್ಟಿದೆ. ಆ ಏಟಿಗೆ ತುಕ್ಕು ಸೀಳಿ ಎಣ್ಣೆ ಒಳಗೆ ಇಳಿಯುತ್ತದೆ.

ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟು ಮಾಡಿಬಿಡುತ್ತದೆ. ಮೊದಲು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದು ಚೂರು ತಿರುಗಿಸಿ ನೋಡಿ. ಹಿಡಿತ ಬಿಡುವಾಗ 'ಟಕ್' ಅಂತ ಗಡುಸಾದ ಸದ್ದು ಬರುತ್ತದೆ, ಥ್ರೆಡ್ ಬುಡದಿಂದ ಕೆಂಪು ಪುಡಿ ಉದುರುತ್ತದೆ. ಅದು ಒಳ್ಳೆಯ ಲಕ್ಷಣ. ಸದ್ದೇ ಇಲ್ಲದೆ ಪಾನಾ ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ತಿರುಗಿದರೆ ಅಲ್ಲೇ ನಿಲ್ಲಿಸಿ. ಬೋಲ್ಟ್ ಬಿಚ್ಚುತ್ತಿಲ್ಲ, ಮುರಿಯಲು ತಯಾರಾಗುತ್ತಿದೆ. ಈ ಎರಡರ ವ್ಯತ್ಯಾಸ ಕೈಗೆ ಗೊತ್ತಾಗಬೇಕಾದರೆ ಉದ್ದ ಹಿಡಿಯ ಪಾನಾ ಬೇಕು. ಇಂಪ್ಯಾಕ್ಟ್ ಗನ್ ಹಿಡಿದರೆ ಕೈಗೆ ಏನೂ ತಿಳಿಯುವುದಿಲ್ಲ. ತಿರುಗಲು ಶುರುವಾದ ಮೇಲೂ ಒಂದೇ ಸಮನೆ ಎಳೆಯಬೇಡಿ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತಂದು, ಎಣ್ಣೆ ಹಾಕಿ, ಮತ್ತೆ ಮುಂದೆ.

ಹಾಗೂ ಜಗ್ಗದ ಬೋಲ್ಟ್‌ಗೆ ಬೆಂಕಿಯೇ ಗತಿ. ಕಾಯಿಸಬೇಕಾದ್ದು ಬೋಲ್ಟ್ ಕೂತಿರುವ ಎರಕದ ಕಬ್ಬಿಣವನ್ನು. 8 ಮಿ.ಮೀ. ತೂತು 300 ಡಿಗ್ರಿಯಷ್ಟು ಕಾದರೆ ಸುಮಾರು 0.025 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ, ತುಕ್ಕಿನ ಪದರ ಒಡೆಯಲು ಅಷ್ಟು ಸಾಕು. ಟರ್ಬೊದ ಕಂಪ್ರೆಸರ್ ಬದಿಯಲ್ಲಿ (ಗಾಳಿ ಒತ್ತುವ ಬದಿ) ಆಕ್ಚುಯೇಟರ್ ಬ್ರಾಕೆಟ್ ಕೂತಿರುವುದು ಅಲ್ಯೂಮಿನಿಯಂ ಮೇಲೆ. ಅದು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ಬೇಗ ಕರಗುತ್ತದೆ ಕೂಡ. ಅಲ್ಲಿ ಹಾಟ್ ಏರ್ ಗನ್ ಸಾಕು, ಗ್ಯಾಸ್ ಟಾರ್ಚ್ ಬೇಡ.

ಟಾರ್ಚ್ ಹಚ್ಚುವ ಮುಂಚೆ ಬ್ಯಾಟರಿ ಟರ್ಮಿನಲ್ ತೆಗೆದು, ಎಣ್ಣೆ ಒರೆಸಿ, ಹತ್ತಿರದ ವೈರು, ಪೆಟ್ರೋಲ್ ಪೈಪಿಗೆ ತಗಡು ಅಡ್ಡ ಇಟ್ಟೆ. ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಲ್ಲೇ ಇತ್ತು. ಇನ್ನೊಂದು ಮಾತು ದಯವಿಟ್ಟು ನೆನಪಿಡಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ತಾಗಿದ ಭಾಗಕ್ಕೆ ಬೆಂಕಿ ಹಿಡಿಯಬೇಡಿ. ಅದರಿಂದ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ, ಜೀವಕ್ಕೇ ಅಪಾಯ.

ಇಷ್ಟಾದರೂ ಪೈಪಿನ ಒಂದು ಸ್ಟಡ್ ಮುರಿಯಿತು. ತುಕ್ಕು ಅದರ ಸೊಂಟವನ್ನೇ ತಿಂದಿತ್ತು. ಹೊರಗೆ ಚೂರು ಮೋಟು ಉಳಿದಿತ್ತು. ಅದರ ಮೇಲೆ ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿಸಿ, ಕೆಂಪು ಆರುವ ತನಕ ಕಾದು ಪಾನಾ ಹಾಕಿದೆ. ಆರಾಮಾಗಿ ಬಂತು. ಅರ್ಧ ಕೆಲಸ ವೆಲ್ಡಿನ ಬಿಸಿಯೇ ಮಾಡಿರುತ್ತದೆ. ಸ್ಕ್ರೂ ಎಕ್ಸ್‌ಟ್ರಾಕ್ಟರ್ (ಮುರಿದ ಮೋಟಿನೊಳಗೆ ಹೊಕ್ಕು ಹಿಡಿದು ಬಿಚ್ಚುವ ಸಾಧನ) ನನಗೆ ಇಷ್ಟವಿಲ್ಲ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟಿಗೆ ಬಗ್ಗದಷ್ಟು ಗಟ್ಟಿ. ಮೋಟು ಪೂರ್ತಿ ಒಳಗೇ ಉಳಿದರೆ ನಡುಮಧ್ಯಕ್ಕೆ ಪಂಚ್ ಹೊಡೆದು ಕೊರೆಯಬೇಕು. ಎಂ8 (8 ಮಿ.ಮೀ. ದಪ್ಪದ) ಸ್ಟಡ್, 1.25 ಮಿ.ಮೀ. ಅಂತರದ ಥ್ರೆಡ್ ಆದರೆ 6.8 ಮಿ.ಮೀ. ತನಕ ಕೊರೆದು ಟ್ಯಾಪ್ (ಥ್ರೆಡ್ ಕತ್ತರಿಸುವ ಸಾಧನ) ಹಾಕುವುದು.

ಪೈಪ್ ತೆಗೆದ ಮೇಲೆ ಬಾಗಿಲನ್ನು ಕೈಯಲ್ಲೇ ಆಡಿಸಿ ನೋಡಿದೆ. ಎಲ್ಲೂ ಸಿಕ್ಕಿಕೊಳ್ಳದೆ ತಿರುಗಿತು, ಸೀಟಿನ ಮೇಲೆ ಸಮನಾಗಿ ಕೂತಿತು. ಬಾಗಿಲಿನ ಶಾಫ್ಟ್ ತಿರುಗುವ ಬುಶ್ ಜಾಸ್ತಿ ಸವೆದಿದ್ದರೆ ಇಲ್ಲಿಗೇ ನಿಲ್ಲಿಸಿ ಹೌಸಿಂಗ್ ಬಿಚ್ಚಬೇಕು. ಹೊಸ ಆಕ್ಚುಯೇಟರ್ ಅದನ್ನು ಸರಿ ಮಾಡುವುದಿಲ್ಲ.

ಇನ್ನು ರಾಡ್ ಉದ್ದ ಹೊಂದಿಸುವುದು. ಬಾಗಿಲು ಮುಚ್ಚಿರುವಾಗ ರಾಡ್ ತೂತು ಪಿನ್ನಿಗೆ ಸ್ವಲ್ಪ ಮೋಟಾಗಿಯೇ ಇರಬೇಕು. ಸ್ಪ್ರಿಂಗ್ ವಿರುದ್ಧ ರಾಡನ್ನು ಹೊರಗೆಳೆದು ಸಿಕ್ಕಿಸುವಷ್ಟು. ಆ ಎಳೆತವೇ ಬಾಗಿಲನ್ನು ಬಿಗಿ ಹಿಡಿಯುವುದು. ಕೈಪಂಪ್‌ನಿಂದ ಚೂರು ಒತ್ತಡ ಕೊಟ್ಟರೆ ರಾಡ್ ತಾನೇ ಹೊರಗೆ ಬರುತ್ತದೆ, ಸಿಕ್ಕಿಸುವುದು ಸಲೀಸು. ಆಮೇಲೆ ರಾಡಿಗೆ ಡಯಲ್ ಗೇಜ್ (ಕೂದಲೆಳೆಯಷ್ಟು ಕದಲಿದರೂ ತೋರಿಸುವ ಅಳತೆ ಸಾಧನ) ತಾಗಿಸಿ ಒತ್ತಡ ಏರಿಸುತ್ತಾ, ಮ್ಯಾನ್ಯುಯಲ್ ಹೇಳಿದ ಒತ್ತಡಕ್ಕೆ ಸರಿಯಾಗಿ ಮುಳ್ಳು ಕದಲುವ ತನಕ ಅರ್ಧರ್ಧ ಸುತ್ತು ಹೊಂದಿಸಿ ಲಾಕ್ ನಟ್ ಬಿಗಿದೆ. ಬೂಸ್ಟ್ ಆಸೆಗೆ ರಾಡ್ ಇನ್ನೂ ಮೋಟು ಮಾಡುವವರಿದ್ದಾರೆ. ಅದರ ಬೆಲೆ ತೆರುವುದು ಎಂಜಿನ್.

ಜೋಡಿಸುವಾಗ ಬಿಸಿ ಬದಿಯ ಥ್ರೆಡ್‌ಗಳಿಗೆಲ್ಲ ನಿಕಲ್ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳುವಾಗಿ ಹಚ್ಚಿದೆ. ಅದು ಹಚ್ಚಿದ ಥ್ರೆಡ್ ಜಾರುವುದರಿಂದ ಒಣ ಥ್ರೆಡ್ಡಿನ ಟಾರ್ಕ್ (ಬಿಗಿಯುವ ಬಲದ ಅಳತೆ) ಪೂರ್ತಿ ಹಾಕಿದರೆ ಅತಿ ಬಿಗಿಯಾಗುತ್ತದೆ. ಕೊನೆಗೆ ಹೀಟ್ ಶೀಲ್ಡ್. ಬಿಚ್ಚುವಾಗ ಕಾಟ ಕೊಟ್ಟಿತು ಅಂತ ಅದನ್ನು ಬಿಟ್ಟು ಓಡಿಸಬೇಡಿ, ಆಕ್ಚುಯೇಟರ್ ಒಳಗಿನ ರಬ್ಬರನ್ನು ಶಾಖದಿಂದ ಕಾಯುವುದು ಅದೇ. ಗಾಡಿ ಒಂದಷ್ಟು ಓಡಿ ಪೂರ್ತಿ ತಣಿದ ಮೇಲೆ ಪೈಪಿನ ನಟ್‌ಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿದೆ. ಒಂದು ಮಾತ್ರ ಸ್ವಲ್ಪ ಸಡಿಲವಾಗಿತ್ತು, ಬಿಗಿದೆ.