ಮಗುವಿನ ಹುಳುಕು ಹಲ್ಲಿಗೆ ಫಿಲ್ಲಿಂಗ್: ಜೋಪಾನ ಬೇಕಿರುವುದು ಮನೆಗೆ ಬಂದ ಮೇಲೆ

ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ ಎಂದು ಕಾಯಬೇಡಿ. ಹಾಲಿನ ದವಡೆಹಲ್ಲುಗಳು ಬೀಳುವುದು 9ರಿಂದ 12 ವರ್ಷದೊಳಗೆ. ಐದು ವರ್ಷದ ಮಗು ಅಲ್ಲಿಯವರೆಗೆ ನೋವು ತಿನ್ನಬೇಕಾ? ಆ ಹಲ್ಲು ಬೇಗ ಹೋದರೆ ಪಕ್ಕದ್ದು ವಾಲಿಕೊಂಡು, ಹೊಸ ಹಲ್ಲಿಗೆ ಜಾಗವೇ ಇಲ್ಲದಂತಾಗಬಹುದು.

ಬೆಳಗಿನ ಹೊತ್ತೇ ಹೋಗಿ. ಆಗ ಮಗುವಿಗೆ ಸುಸ್ತಿರುವುದಿಲ್ಲ. ಎರಡು ಇಡ್ಲಿ ತಿನ್ನಿಸಿ, ಹಲ್ಲುಜ್ಜಿಸಿ ಹೊರಡಿ. "ಸೂಜಿ ಚುಚ್ಚೋದೇ ಇಲ್ಲ ಪುಟ್ಟಾ" ಎಂದು ಸುಳ್ಳು ಹೇಳಬೇಡಿ. ಸೂಜಿ ಕಂಡ ಕೂಡಲೇ ಮಗು ನಿಮ್ಮನ್ನು ನಂಬುವುದು ಬಿಡುತ್ತದೆ. "ಡಾಕ್ಟರ್ ಹಲ್ಲನ್ನ ಮಲಗಿಸಿ, ಕ್ಲೀನ್ ಮಾಡಿ, ತೂತು ಮುಚ್ತಾರೆ" ಅಂದರೆ ಸಾಕು. ತಂಟೆ ಮಾಡಿದಾಗಲೆಲ್ಲ "ಸೂಜಿ ಹಾಕಿಸ್ತೀನಿ ನೋಡು" ಎಂದು ಹೆದರಿಸುವ ಅಭ್ಯಾಸ ಮನೆಯಲ್ಲಿದ್ದರೆ ದಯವಿಟ್ಟು ಇವತ್ತೇ ಬಿಡಿ.

ಕುರ್ಚಿಯ ಮೇಲಿನ ಕೆಲಸ ಚಿಕ್ಕದು. ಬೇಕಿದ್ದರೆ ಎಕ್ಸ್‌ರೇ, ಒಸಡಿಗೆ ಮರಗಟ್ಟಿಸುವ ಜೆಲ್, ಹುಳುಕು ಆಳವಾಗಿದ್ದರೆ ಇಂಜೆಕ್ಷನ್. ಕೊಳೆತದ್ದನ್ನು ತೆಗೆದು ಸಿಮೆಂಟ್ ತುಂಬುತ್ತಾರೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಆದರೆ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಹುಳುಕು ಒಳಗಿನ ನರ ಮುಟ್ಟಿದ್ದರೆ ಬರೀ ಫಿಲ್ಲಿಂಗ್ ಸಾಲದು. ಬೇರಿಗೆ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ನೋಡೋಕೆ ಚೆನ್ನಾಗಿರಲ್ಲ ಎಂದು ಅದನ್ನು ಬೇಡ ಅನ್ನಬೇಡಿ, ದವಡೆಹಲ್ಲಿಗೆ ಅದೇ ಗಟ್ಟಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಇಂಜೆಕ್ಷನ್ ಕೊಟ್ಟ ಕಡೆ ತುಟಿ, ಕೆನ್ನೆ, ಕೆಲವೊಮ್ಮೆ ನಾಲಿಗೆ ಎರಡು ಮೂರು ಗಂಟೆ ಮರಗಟ್ಟಿರುತ್ತವೆ. ತುಟಿ ದಪ್ಪಗಾದಂತೆ ಅನಿಸಿ ಮಗು ಅದನ್ನು ಕಚ್ಚುತ್ತದೆ, ಚೀಪುತ್ತದೆ, ಉಗುರಿನಿಂದ ಕೆರೆಯುತ್ತದೆ. ನೋವು ಗೊತ್ತಾಗುವುದಿಲ್ಲವಲ್ಲ! ಅಳು ನಿಲ್ಲಲಿ ಅಂತ ದಾರಿಯಲ್ಲೇ ಚಕ್ಕುಲಿಯೋ ಚಿಪ್ಸೋ ಕೈಗೆ ಕೊಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಮಗು ಚಿಪ್ಸ್ ಜೊತೆ ತನ್ನ ತುಟಿಯನ್ನೂ ಅಗಿದಿರುತ್ತದೆ. ಮರುದಿನ ತುಟಿ ಊದಿ, ಮೇಲೆ ಬಿಳಿ ಪೊರೆ. ಅದನ್ನು ಕೀವು ಅಂದುಕೊಂಡು ಮನೆಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಕುಡಿಸುತ್ತಾರೆ. ಸಾಮಾನ್ಯವಾಗಿ ಅದು ಕಚ್ಚಿದ ಗಾಯ, ವಾರ ಹತ್ತು ದಿನದಲ್ಲಿ ಮಾಯುತ್ತದೆ. ಊತ ಏರಿದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಹಾಗಾಗಿ ಮರಗಟ್ಟಿದ್ದು ಪೂರ್ತಿ ಬಿಡುವವರೆಗೆ ಅಗಿಯುವಂಥದ್ದು ಏನೂ ಬೇಡ, ಬಿಸಿಯೂ ಬೇಡ. ತಣ್ಣನೆಯ ಗಂಜಿ ಕೊಡಿ, ಹಾಲು ಕೊಡಿ. ಮಲಗಿಸಬೇಡಿ, ನಿದ್ದೆಯಲ್ಲೂ ಕಚ್ಚಿಕೊಳ್ಳುತ್ತದೆ. ಟಿವಿ ಮುಂದೆ ಕೂರಿಸಿ ಹೋಗಬೇಡಿ, ಪಕ್ಕದಲ್ಲೇ ಕೂತು ಬಾಯಿಯ ಮೇಲೆ ಕಣ್ಣಿಡಿ. ತುಟಿ ಮುಟ್ಟಿ "ಗೊತ್ತಾಗ್ತಿದೆಯಾ?" ಎಂದು ಆಗಾಗ ಕೇಳಿ.

ಲವಂಗದ ಎಣ್ಣೆ ಹಚ್ಚೋಣವೇ ಎಂದು ಅಜ್ಜಿಯರು ಕೇಳುತ್ತಾರೆ. ಬೇಡ, ಎಳೆ ಒಸಡು ಸುಡುತ್ತದೆ.

ಒಂದೆರಡು ದಿನ ತಣ್ಣಗಿನದಕ್ಕೆ ಜುಮ್ಮೆನ್ನುವುದು ಸಹಜ. ಆದರೆ ಹಲ್ಲು ಕಚ್ಚಿದಾಗ "ಏನೋ ಎತ್ತರ ಆಗಿದೆ" ಎಂದು ಮಗು ಹೇಳಿದರೆ ಸುಮ್ನೆ ತಳ್ಳಿಹಾಕದೆ ಕರೆದುಕೊಂಡು ಹೋಗಿ. ಡಾಕ್ಟರ್ ಸ್ವಲ್ಪ ಉಜ್ಜಿ ಸರಿ ಮಾಡುತ್ತಾರೆ, ಸೂಜಿಯ ಮಾತೇ ಬರುವುದಿಲ್ಲ.